ಹೀಬ್ರೂ ಚುಕ್ಕೆಗಳ ಚರಿತ್ರೆ ಬರೆದ ಎಲಿಯಾ ಲೆವಿಟಾ

ಹೀಬ್ರೂ ವರ್ಣಮಾಲೆಯಲ್ಲಿ 22 ಅಕ್ಷರಗಳಿವೆ. ಅವೆಲ್ಲವೂ ವ್ಯಂಜನಗಳೇ. ಕನ್ನಡದಲ್ಲಿ ‘ಕ’ ಎಂದು ಬರೆದರೆ ಅದರೊಳಗೆ ಅಕಾರ ತಾನಾಗಿಯೇ ಅಡಗಿರುತ್ತದೆ. ಬೇರೆ ಸ್ವರ ಬೇಕಾದಾಗ ಕಾಗುಣಿತದ ಗುರುತನ್ನು ಸೇರಿಸುತ್ತೇವೆ. ಹೀಬ್ರೂ ಲಿಪಿಯ ‘ಕಾಫ್’ ಎಂಬ ಅಕ್ಷರ ಮಾತ್ರ ತನ್ನಷ್ಟಕ್ಕೆ ಯಾವ ಸ್ವರವನ್ನೂ ಹೇಳುವುದಿಲ್ಲ. ಸ್ವರವನ್ನು ತುಂಬಿಕೊಳ್ಳುವ ಹೊಣೆ ಓದುಗನದು. ಆಲೆಫ್, ಹೇ, ವಾವ್, ಯೋದ್ ಎಂಬ ನಾಲ್ಕು ಅಕ್ಷರಗಳು ಕೆಲವೆಡೆ ದೀರ್ಘಸ್ವರದ ಸುಳಿವು ಕೊಡುತ್ತವೆಯಾದರೂ ಆ ನೆರವು ಅರೆಬರೆಯದು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ದಾಲೆತ್, ಬೇತ್, ರೇಶ್ ಎಂಬ ಮೂರು ಅಕ್ಷರಗಳನ್ನು ಸಾಲಾಗಿ ಬರೆದರೆ ಅದನ್ನು ‘ದಾವಾರ್’ ಎಂದು ಓದಬಹುದು. ಆಗ ಅದರ ಅರ್ಥ ಮಾತು ಅಥವಾ ವಸ್ತು. ‘ದೆವೆರ್’ ಎಂದರೆ ಊರನ್ನೇ ಬರಿದುಮಾಡುವ ಸಾಂಕ್ರಾಮಿಕ ಮಾರಿ. ‘ದಿಬ್ಬೆರ್’ ಎಂದರೆ ‘ಅವನು ಮಾತನಾಡಿದನು’. ಮೂರಕ್ಕೂ ಅಕ್ಷರಗಳು ಒಂದೇ. ವಾಕ್ಯದ ಸಂದರ್ಭ ತಿಳಿದವನಿಗೆ, ಭಾಷೆ ಮನೆಮಾತಾಗಿರುವವನಿಗೆ ಇಲ್ಲಿ ತೊಡಕಿಲ್ಲ. ಹೊರಗಿನಿಂದ ಬಂದು ಕಲಿಯುವವನಿಗೆ ಮಾತು ಮತ್ತು ಮಾರಿ ಒಂದೇ ರೂಪದಲ್ಲಿ ಎದುರು ನಿಲ್ಲುತ್ತವೆ.

ಈ ತೊಡಕನ್ನು ಬಿಡಿಸಲು ಅಕ್ಷರಗಳ ಕೆಳಗೆ, ಮೇಲೆ, ಒಡಲೊಳಗೆ ಇಡುವ ಚುಕ್ಕೆ ಮತ್ತು ಗೆರೆಗಳ ವ್ಯವಸ್ಥೆಯೇ ‘ನಿಕ್ಕೂದ್’. ಆ ಚುಕ್ಕೆಗಳನ್ನು ಇಟ್ಟವರು ಯಾರು, ಎಂದು ಇಟ್ಟರು ಎಂಬ ಪ್ರಶ್ನೆ ಇಂದು ಲಿಪಿಶಾಸ್ತ್ರದ ಒಂದು ಅಧ್ಯಾಯದಂತೆ ಕಾಣುತ್ತದೆ. 16ನೆಯ ಶತಮಾನದ ಯೂರೋಪಿನಲ್ಲಿ ಅದು ಧರ್ಮಗಳ ಬುಡವನ್ನೇ ಮುಟ್ಟುವ ಪ್ರಶ್ನೆಯಾಗಿತ್ತು. ಅದಕ್ಕೆ ನಿರ್ಭಿಡೆಯಿಂದ, ಆಧಾರಸಹಿತ ಉತ್ತರ ಕೊಟ್ಟವನು ಎಲಿಯಾ ಲೆವಿಟಾ. ಅವನ ಬಾಳಿನ ಕಥೆಯನ್ನು ಕನ್ನಡದ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ. ನಾನು ವೃತ್ತಿಯಿಂದ ವೈದ್ಯ. ನಡುವಯಸ್ಸಿನಲ್ಲಿ ಹೀಬ್ರೂ ಅಕ್ಷರಾಭ್ಯಾಸಕ್ಕೆ ಕೈಹಾಕಿದವನು. ಆ ಕಲಿಕೆಯಲ್ಲಿ ಹೆಜ್ಜೆಹೆಜ್ಜೆಗೂ ಎದುರಾದ ಚುಕ್ಕೆಗಳೇ ನನ್ನನ್ನು ಲೆವಿಟಾನವರೆಗೆ ಕರೆದೊಯ್ದವು.

ಚುಕ್ಕೆಗಳ ಪರಿಚಯ

ಲೆವಿಟಾನ ವಾದ ತಿಳಿಯಬೇಕಾದರೆ ಮೊದಲು ಚುಕ್ಕೆಗಳ ಪರಿಚಯ ಬೇಕು. ಅಕ್ಷರದ ಕೆಳಗೆ ಒಂದು ಅಡ್ಡಗೆರೆ ಇದ್ದರೆ ಅದು ‘ಪತಹ್’, ಅಕಾರ. ಆ ಗೆರೆಯ ನಡುವಿನಿಂದ ಪುಟ್ಟ ಬಾಲವೊಂದು ಕೆಳಗಿಳಿದರೆ ಅದು ‘ಕಾಮಾತ್ಸ್’. ಕೆಳಗೆ ಒಂದೇ ಚುಕ್ಕೆ ಇದ್ದರೆ ‘ಹಿರಿಕ್’, ಇಕಾರ. ಎರಡು ಚುಕ್ಕೆ ಪಕ್ಕಪಕ್ಕದಲ್ಲಿದ್ದರೆ ‘ತ್ಸೇರೆ’, ಮೂರು ಚುಕ್ಕೆ ತ್ರಿಕೋನದಂತಿದ್ದರೆ ‘ಸೆಗೋಲ್’. ಎರಡೂ ಎಕಾರದ ಬಗೆಗಳು. ಮೇಲೆ ಒಂದು ಚುಕ್ಕೆ ‘ಹೋಲಾಮ್’, ಒಕಾರ. ಉಕಾರಕ್ಕೆ ವಾವ್ ಅಕ್ಷರದ ಹೊಟ್ಟೆಯಲ್ಲಿ ಒಂದು ಚುಕ್ಕೆ, ಇಲ್ಲವೇ ಅಕ್ಷರದ ಕೆಳಗೆ ಓರೆಯಾಗಿ ಮೂರು ಚುಕ್ಕೆ. ಒಂದರ ಮೇಲೊಂದು ನಿಂತ ಎರಡು ಚುಕ್ಕೆಗಳ ಹೆಸರು ‘ಶ್ವಾ’. ಅದು ಕೆಲವೆಡೆ ನಮ್ಮ ಅರ್ಧಾಕ್ಷರದಂತೆ ಸ್ವರವೇ ಇಲ್ಲವೆಂದು ಸೂಚಿಸಿದರೆ, ಇನ್ನು ಕೆಲವೆಡೆ ಅತಿ ಹ್ರಸ್ವವಾದ ಎಕಾರವನ್ನು ಸೂಚಿಸುತ್ತದೆ. ಅಕ್ಷರದ ಒಳಗಿನ ‘ದಾಗೇಶ್’ ಎಂಬ ಚುಕ್ಕೆ ‘ವ’ವನ್ನು ‘ಬ’ವಾಗಿಸುತ್ತದೆ, ಕೆಲವೆಡೆ ವ್ಯಂಜನವನ್ನು ದ್ವಿತ್ವಗೊಳಿಸುತ್ತದೆ.

ಗುರುತು ಕಲಿತ ಮಾತ್ರಕ್ಕೆ ಉಚ್ಚಾರಣೆ ಬಂದಂತಾಗುವುದಿಲ್ಲ. ಕಾಮಾತ್ಸ್ ಗುರುತನ್ನು ಕೆಲವೆಡೆ ಆಕಾರವಾಗಿಯೂ ಕೆಲವೆಡೆ ಒಕಾರವಾಗಿಯೂ ಓದಬೇಕು. ಜ್ಞಾನ ಎಂಬರ್ಥದ ‘ಹೊಖ್ಮಾ’ ಪದದಲ್ಲಿ ಒಂದೇ ಗುರುತು ಎರಡು ಸಲ ಬರುತ್ತದೆ. ಮೊದಲನೆಯದು ಒಕಾರ, ಎರಡನೆಯದು ಆಕಾರ. ಅದೇ ಅಕ್ಷರ, ಅದೇ ಗುರುತುಗಳನ್ನು ‘ಹಾಖೆಮಾ’ ಎಂದು ಓದಿದರೆ ‘ಅವಳು ಜಾಣೆಯಾಗಿದ್ದಳು’ ಎಂಬ ಅರ್ಥ ಬರುತ್ತದೆ. ಜರ್ಮನ್ ನಾಡುಗಳ ಯಹೂದಿಗಳು ಕಾಮಾತ್ಸನ್ನು ಸಾಮಾನ್ಯವಾಗಿ ಒಕಾರವಾಗಿಯೇ ಓದುತ್ತಾ ಬಂದರು. ಸ್ಪೇನ್ ಮತ್ತು ಪೂರ್ವದೇಶಗಳ ಯಹೂದಿಗಳಿಗೆ ಅದು ಹೆಚ್ಚಿನ ಕಡೆ ಆಕಾರ. ಒಬ್ಬರ ‘ಶಬ್ಬಾತ್’ ಇನ್ನೊಬ್ಬರ ‘ಶಾಬ್ಬೊಸ್’ ಆದದ್ದು ಹೀಗೆ. ಹೇತ್ ಮತ್ತು ಆಯಿನ್ ಎಂಬ ಅಕ್ಷರಗಳು ಹುಟ್ಟುವ ಜಾಗ ಗಂಟಲಿನ ಒಳಗೋಡೆ. ನಾಲಗೆಯ ಬುಡ ಹಿಂದಕ್ಕೆ ಸರಿದು ಆ ಭಾಗ ಬಿಗಿಯಾದಾಗ ಮಾತ್ರ ಆ ಧ್ವನಿ ಹೊರಡುತ್ತದೆ. ಎಮೆನ್ ಮತ್ತು ಇರಾಕಿನ ಯಹೂದಿಗಳು ಅದನ್ನು ಉಳಿಸಿಕೊಂಡರು; ಯೂರೋಪಿನ ಹೆಚ್ಚಿನವರ ಬಾಯಲ್ಲಿ ಆಯಿನ್ ಮೌನವಾಯಿತು. ವೈದ್ಯನಾದ ನನಗೆ ಆ ಸ್ನಾಯುಗಳ ಹೆಸರುಗಳೆಲ್ಲ ಗೊತ್ತು. ಆದರೂ ಆ ಧ್ವನಿಯನ್ನು ಬಲ್ಲವರ ಬಾಯಿಂದಲೇ ಕೇಳಿ ಕಲಿಯಬೇಕಾಯಿತು.

ಸ್ವರವಿಲ್ಲದ ಬರಹದ ಪೇಚು ನಮ್ಮ ಕರಾವಳಿಯ ಒಂದು ಹೆಸರನ್ನೂ ಬಿಟ್ಟಿಲ್ಲ. 12ನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಹಲವು ವರ್ಷ ಮಂಗಳೂರಿನಲ್ಲಿ ನೆಲೆಸಿದ್ದನು. ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬಿ ಭಾಷೆಯ ಅವನ ವ್ಯವಹಾರದ ಪತ್ರಗಳು ಕೈರೋದ ಸಿನಗಾಗ್ ಒಂದರ ಹಳೆಯ ಕಾಗದಗಳ ಕೋಣೆಯಲ್ಲಿ ದೊರೆತವು. ಅವನ ಪರವಾಗಿ ವ್ಯಾಪಾರ ನೋಡಿಕೊಳ್ಳುತ್ತಿದ್ದ ಸೇವಕನ ಹೆಸರಿನಲ್ಲಿ ಬಕಾರ ಮಕಾರಗಳಿದ್ದವು, ಸ್ವರದ ಗುರುತಿರಲಿಲ್ಲ. ವಿದ್ವಾಂಸರು ಅದನ್ನು ‘ಬಾಮ’ ಎಂದು ಓದಿದ್ದರು. ಲೇಖಕ ಅಮಿತಾವ್ ಘೋಷ್ ಮಂಗಳೂರಿನ ವಿದ್ವಾಂಸರ ನೆರವು ಪಡೆದು ಅದು ‘ಬೊಮ್ಮ’ ಎಂದು ಗುರುತಿಸಿದರು. ಆ ಶೋಧದ ಕಥೆ 1992ರ ಅವರ ‘ಇನ್ ಆನ್ ಆಂಟೀಕ್ ಲ್ಯಾಂಡ್’ ಕೃತಿಯಲ್ಲಿದೆ. ನಾಡಿನ ಹೆಸರುಗಳ ಬಳಕೆ ಬಲ್ಲವರು ಓದಿದಾಗ ಎಂಟುನೂರು ವರ್ಷಗಳ ಬಳಿಕ ಅವನಿಗೆ ಅವನ ಹೆಸರು ಮರಳಿ ದೊರೆಯಿತು.

ಅಲೆದಾಟದ ಪಂಡಿತ

ಎಲಿಯಾ ಲೆವಿಟಾ ಹುಟ್ಟಿದ್ದು 1469ರಲ್ಲಿ, ಜರ್ಮನಿಯ ನ್ಯೂರೆಂಬರ್ಗಿನ ಪಶ್ಚಿಮಕ್ಕಿರುವ ನಾಯ್‌ಷ್ಟಾಟ್ ಎಂಬ ಊರಿನ ಸನಿಹದಲ್ಲಿ. ತಂದೆ ಆಶೆರ್, ಮನೆತನ ಲೇವಿಯರದು. ಅವನಿಗೆ ಹಲವು ಹೆಸರುಗಳಿದ್ದವು. ಜರ್ಮನಿಯಿಂದ ಬಂದವನಾದ್ದರಿಂದ ಆಶ್ಕೆನಾಜಿ, ವ್ಯಾಕರಣಜ್ಞನಾದ್ದರಿಂದ ಮೆದಕ್‌ದೆಕ್. ತಾನೇ ಮೆಚ್ಚಿಕೊಂಡು ಬಳಸಿದ ಹೆಸರು ‘ಬಾಹೂರ್’. ಯುವಕನೆಂದೂ ಆಯ್ದುಕೊಂಡದ್ದೆಂದೂ ಆ ಮಾತಿಗೆ ಅರ್ಥವಿದೆ.

ಆ ಕಾಲದ ಜರ್ಮನಿಯ ಪಟ್ಟಣಗಳಲ್ಲಿ ಯಹೂದಿಗಳ ಬಾಳು ಅಸ್ಥಿರವಾಗಿತ್ತು. ಒಂದಾದ ಮೇಲೊಂದು ಊರು ಅವರನ್ನು ಹೊರಗಟ್ಟುತ್ತಿತ್ತು. ಯೌವನದಲ್ಲೇ ಆಲ್ಪ್ಸ್ ದಾಟಿ ಇಟಲಿಗೆ ಬಂದ ಲೆವಿಟಾ, 1504ರ ಹೊತ್ತಿಗೆ ಪಾದುವಾದಲ್ಲಿ ಹೀಬ್ರೂ ವ್ಯಾಕರಣ ಕಲಿಸುತ್ತಿದ್ದನು. ಮೋಸೆಸ್ ಕಿಮ್ಹಿಯ ಹಳೆಯ ವ್ಯಾಕರಣಗ್ರಂಥಕ್ಕೆ ಶಿಷ್ಯರಿಗಾಗಿ ಅವನು ಬರೆದ ವ್ಯಾಖ್ಯಾನವನ್ನು ನಕಲು ಮಾಡಿಕೊಟ್ಟ ಲಿಪಿಕಾರನೇ ಅದನ್ನು ಪೆಸರೊ ಪಟ್ಟಣಕ್ಕೆ ಒಯ್ದು 1508ರಲ್ಲಿ ಅಚ್ಚು ಹಾಕಿಸಿದನು. ಪುಸ್ತಕದಲ್ಲಿ ಲೆವಿಟಾನ ಹೆಸರಿರಲಿಲ್ಲ. ಅದು ಬಹುಬೇಗ ಹೀಬ್ರೂ ಕಲಿಯುವವರ ಕೈಪಿಡಿಯಾಯಿತು. ತನ್ನ ಕೃತಿಯನ್ನು ತನ್ನದೇ ಹೆಸರಿನಲ್ಲಿ ತಿದ್ದಿ ಹೊರತರಲು ಲೆವಿಟಾ 1546ರವರೆಗೆ ಕಾಯಬೇಕಾಯಿತು.

ಅದೇ ವರ್ಷಗಳಲ್ಲಿ ಅವನು ತನ್ನ ಮನೆಮಾತಾದ ಯಿದ್ದಿಶ್‌ನಲ್ಲಿ ‘ಬೋವೊ ಬುಖ್’ ಎಂಬ ಸಾಹಸಕಾವ್ಯವನ್ನು ರಚಿಸಿದನು. ಇಂಗ್ಲೆಂಡಿನ ಬೇವಿಸ್ ಎಂಬ ವೀರನ ಕಥೆ ಇಟಲಿಯ ಮೂಲಕ ಬಂದು, 650 ಪದ್ಯಗಳ ಯಿದ್ದಿಶ್ ಕಾವ್ಯವಾಯಿತು. ಅದು 1541ರಲ್ಲಿ ಅಚ್ಚಾಗಿ ತಲೆಮಾರುಗಳವರೆಗೆ ಜನರ ಪ್ರೀತಿಯ ಓದಾಗಿ ಉಳಿಯಿತು. ಯಿದ್ದಿಶ್ ಹೀಬ್ರೂ ಲಿಪಿಯಲ್ಲೇ ಬರೆಯುವ ಭಾಷೆ. ಆದರೆ ಅದರಲ್ಲಿ ಆಲೆಫ್, ಆಯಿನ್ ಮೊದಲಾದ ಅಕ್ಷರಗಳು ಸ್ವರಗಳಾಗಿ ದುಡಿಯುತ್ತವೆ. ಹೀಗೆ ಒಂದೇ ಲಿಪಿಯಿಂದ ಸ್ವರವನ್ನು ಹೇಳಿಸುವ ಬೇರೆ ಬೇರೆ ದಾರಿಗಳು ಲೆವಿಟಾನಿಗೆ ಕೈಬಳಕೆಯಿಂದಲೇ ತಿಳಿದಿದ್ದವು.

1509ರಲ್ಲಿ ವೆನಿಸ್ ಗಣರಾಜ್ಯದ ವಿರುದ್ಧದ ಯುದ್ಧದಲ್ಲಿ ಪಾದುವಾ ಸೂರೆಯಾಯಿತು. ಲೆವಿಟಾ ಆಸ್ತಿಯನ್ನೆಲ್ಲ ಕಳೆದುಕೊಂಡು ಮೊದಲು ವೆನಿಸಿಗೂ, ಕೆಲವು ವರ್ಷಗಳ ಬಳಿಕ ರೋಮಿಗೂ ತೆರಳಿದನು.

ಕಾರ್ಡಿನಲ್ಲನ ಮನೆಯಲ್ಲಿ

ರೋಮಿನಲ್ಲಿ ಅವನಿಗೆ ಆಶ್ರಯ ಕೊಟ್ಟವನು ಎಜಿದಿಯೊ ದ ವಿತೆರ್ಬೊ. ಅಗಸ್ಟೀನಿಯನ್ ಸಂನ್ಯಾಸಿಗಳ ಪಂಥದ ಮುಖ್ಯಸ್ಥನಾಗಿದ್ದ ಈತ 1517ರಲ್ಲಿ ಕಾರ್ಡಿನಲ್ ಪದವಿಗೇರಿದನು. ಯಹೂದಿಗಳ ರಹಸ್ಯವಿದ್ಯೆಯಾದ ಕಬ್ಬಾಲಾವನ್ನು ಮೂಲದಲ್ಲೇ ಓದಬೇಕೆಂಬ ಹಂಬಲ ಅವನದು. ಲೆವಿಟಾ ಹೆಂಡತಿ ಮಕ್ಕಳೊಡನೆ ಹತ್ತು ವರ್ಷಕ್ಕೂ ಮಿಕ್ಕಿ ಅವನ ಅರಮನೆಯಲ್ಲೇ ವಾಸವಾಗಿದ್ದನು. ಯಹೂದಿ ಪಂಡಿತ ಕಾರ್ಡಿನಲ್ಲನಿಗೆ ಹೀಬ್ರೂ ಕಲಿಸಿದನು. ಅಲ್ಲಿದ್ದಾಗಲೇ ಗ್ರೀಕ್ ಕಲಿತನು. ಪಾಠಕ್ಕಾಗಿ ಬರೆದ ವ್ಯಾಕರಣ ‘ಸೇಫೆರ್ ಹ-ಬಾಹೂರ್’ ಎಂಬ ಹೆಸರಿನಲ್ಲಿ 1518ರಲ್ಲಿ ಹೊರಬಂದಿತು. ಅಕ್ಷರ ಮತ್ತು ಸ್ವರಗಳ ನಿಯಮಗಳನ್ನೂ ಒಳಗೊಂಡ ‘ಪಿರ್ಕೇ ಎಲಿಯಾಹು’ 1520ರಲ್ಲಿ ಬಂದಿತು.

ಈ ಗುರುಶಿಷ್ಯ ಸಂಬಂಧ ಎರಡೂ ಕಡೆಯವರಿಗೆ ಇರಿಸುಮುರಿಸಿನದಾಗಿತ್ತು. ಪವಿತ್ರ ವಿದ್ಯೆಯನ್ನು ಅನ್ಯಧರ್ಮೀಯರಿಗೆ ಕಲಿಸಬಾರದೆಂದು ಹಲವು ರಬ್ಬಿಗಳು ಲೆವಿಟಾನನ್ನು ಬಹಿರಂಗವಾಗಿಯೇ ಖಂಡಿಸಿದರು. ತಾನು ಕಲಿಸುವುದು ಭಾಷೆಯನ್ನು ಮಾತ್ರ, ಹೀಬ್ರೂ ಕಲಿತ ಕ್ರೈಸ್ತ ವಿದ್ವಾಂಸರು ಯಹೂದಿಗಳಿಗೆ ಕೇಡು ಬಗೆಯಲಿಲ್ಲ, ಒಳಿತನ್ನೇ ಮಾಡಿದರು ಎಂಬುದು ಅವನ ಸಮರ್ಥನೆಯ ತಿರುಳು. ರಬ್ಬಿಗಳ ಅಂಜಿಕೆಯೂ ಬುಡವಿಲ್ಲದ್ದಲ್ಲ. ಲೆವಿಟಾ ತೀರಿಕೊಂಡ ನಾಲ್ಕೇ ವರ್ಷಗಳಲ್ಲಿ, 1553ರಲ್ಲಿ, ರೋಮ್ ಮತ್ತು ವೆನಿಸ್ ನಗರಗಳಲ್ಲಿ ತಾಲ್ಮುದ್ ಗ್ರಂಥಗಳನ್ನು ರಾಶಿಹಾಕಿ ಸುಡಲಾಯಿತು. ಅವನ ಮಗಳ ಮಕ್ಕಳಲ್ಲಿ ಇಬ್ಬರು ಕ್ರೈಸ್ತ ಮತಕ್ಕೆ ಸೇರಿದರು. ಅವರಲ್ಲೊಬ್ಬನು ಜೆಸುಯಿಟ್ ಪಾದ್ರಿಯಾದನು. ಕಲಿಸುವುದರಲ್ಲಿ ಅಪಾಯವಿತ್ತು. ಕಲಿಸದಿದ್ದರೆ ಹೀಬ್ರೂ ಜ್ಞಾನ ಒಂದು ಬೀದಿಯ ಗೋಡೆಯೊಳಗೇ ಉಳಿಯುತ್ತಿತ್ತು. ಈ ಎರಡರ ನಡುವೆ ಲೆವಿಟಾ ಕಲಿಸುವುದನ್ನೇ ಆರಿಸಿಕೊಂಡನು.

1527ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸನ ಸೈನಿಕರು ರೋಮ್ ನಗರವನ್ನು ಕೊಳ್ಳೆ ಹೊಡೆದಾಗ ಅವನು ಎರಡನೆಯ ಸಲ ಸರ್ವಸ್ವವನ್ನೂ ಕಳೆದುಕೊಂಡನು. ಹಸ್ತಪ್ರತಿಗಳಲ್ಲಿ ಬಹುಪಾಲು ನಾಶವಾದವು. ಆಗ ಅವನಿಗೆ 58 ವರ್ಷ. ಮತ್ತೆ ವೆನಿಸಿಗೆ ಬಂದು ಡೇನಿಯಲ್ ಬಾಂಬೆರ್ಗನ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದನು. ಆಂಟ್ವೆರ್ಪ್ ಮೂಲದ ಕ್ರೈಸ್ತನಾದ ಬಾಂಬೆರ್ಗ್ ಆ ಕಾಲದ ಅತ್ಯಂತ ದೊಡ್ಡ ಹೀಬ್ರೂ ಮುದ್ರಕ. 1524-25ರಲ್ಲಿ ಯಾಕೋಬ್ ಬೆನ್ ಹಯ್ಯಿಮ್ ಸಂಪಾದಿಸಿದ ಬೃಹತ್ ಬೈಬಲ್ ಅವನ ಅಚ್ಚುಮನೆಯಿಂದಲೇ ಬಂದಿತ್ತು. ಪುಟದ ನಡುವೆ ಮೂಲಪಾಠ, ಸುತ್ತಲೂ ‘ಮಸೋರಾ’ ಎಂಬ ಟಿಪ್ಪಣಿಗಳು. ಯಾವ ಪದ ಎಷ್ಟು ಸಲ ಬರುತ್ತದೆ, ಎಲ್ಲಿ ಯಾವ ಅಕ್ಷರ ಹೆಚ್ಚು, ಎಲ್ಲಿ ಕಡಿಮೆ, ಎಲ್ಲಿ ಬರೆದದ್ದು ಒಂದು ಓದಬೇಕಾದದ್ದು ಇನ್ನೊಂದು ಎಂಬುದನ್ನೆಲ್ಲ ಎಣಿಸಿಟ್ಟ ಲೆಕ್ಕವದು. ತೀರಾ ಸಂಕ್ಷಿಪ್ತ ಸಂಕೇತಗಳಲ್ಲಿದ್ದ ಆ ಟಿಪ್ಪಣಿಗಳು ಆಗಿನ ಪಂಡಿತರಲ್ಲೂ ಬಹುಮಂದಿಗೆ ಒಗಟಾಗಿದ್ದವು. ಲೆವಿಟಾ ವರ್ಷಗಟ್ಟಲೆ ಕುಳಿತು ಅವುಗಳ ಕೀಲಿಯನ್ನು ಬಿಡಿಸಿದನು.

1538ರ ಗ್ರಂಥ

ಈ ಶ್ರಮದ ಫಲವೇ 1538ರಲ್ಲಿ ವೆನಿಸಿನಲ್ಲಿ ಅಚ್ಚಾದ ‘ಮಸೋರೆತ್ ಹ-ಮಸೋರೆತ್’. ಗ್ರಂಥದ ಮುಖ್ಯ ಭಾಗ ಮಸೋರಾದ ಪರಿಭಾಷೆಯನ್ನು ವಿವರಿಸುತ್ತದೆ. ಗದ್ದಲವೆಬ್ಬಿಸಿದ್ದು ಅದರ ಪೀಠಿಕೆ. ಸ್ವರಚಿಹ್ನೆಗಳು ಸಿನಾಯ್ ಬೆಟ್ಟದಲ್ಲಿ ಮೋಶೆಗೇ ದೊರೆತವೆಂದು ಕೆಲವರೂ, ಬಾಬಿಲೋನಿನ ಸೆರೆಯಿಂದ ಮರಳಿದ ಕಾಲದಲ್ಲಿ ಎಜ್ರಾ ಮತ್ತು ಅವನ ಸಂಗಡಿಗರು ಇಟ್ಟರೆಂದು ಇನ್ನು ಕೆಲವರೂ ನಂಬಿದ್ದರು. ಎರಡೂ ಸರಿಯಲ್ಲ, ತಾಲ್ಮುದ್ ಮುಗಿದ ನಂತರ, ಅಂದರೆ ಕ್ರಿ.ಶ. 500ರ ಈಚೆಗೆ, ಗಲಿಲಾಯ ಸರೋವರದ ದಡದ ತಿಬೇರಿಯ ಪಟ್ಟಣದ ಪಂಡಿತರು ಅವನ್ನು ರೂಪಿಸಿದರು ಎಂದು ಲೆವಿಟಾ ವಾದಿಸಿದನು.

ಅವನ ಸಾಕ್ಷ್ಯಗಳು ಸರಳವಾಗಿದ್ದವು. ಅಕ್ಷರಗಳ ಬಗ್ಗೆ ಅಷ್ಟೊಂದು ಚರ್ಚಿಸುವ ವಿಸ್ತಾರವಾದ ತಾಲ್ಮುದ್‌ನಲ್ಲಿ ಯಾವ ಸ್ವರಚಿಹ್ನೆಯ ಹೆಸರೂ ಬರುವುದಿಲ್ಲ. ಚಿಹ್ನೆಗಳ ಹೆಸರುಗಳಲ್ಲಿ ಹೆಚ್ಚಿನವು ಅರಾಮಿಕ್ ಭಾಷೆಯ ಛಾಪು ಹೊತ್ತಿವೆ. ಸಿನಾಯ್‌ನಲ್ಲಿ ದೊರೆತಿದ್ದರೆ ಅವುಗಳಿಗೆ ಶುದ್ಧ ಹೀಬ್ರೂ ಹೆಸರೇ ಇರಬೇಕಿತ್ತು. ಈ ಹೆಸರುಗಳ ಅರ್ಥವೂ ಸ್ವಾರಸ್ಯಕರವಾದದ್ದು. ‘ಪತಹ್’ ಎಂದರೆ ತೆರೆಯುವುದು, ‘ಕಾಮಾತ್ಸ್’ ಎಂದರೆ ಮುಚ್ಚಿ ಬಿಗಿಯುವುದು. ತುಟಿ ತೆರೆ, ತುಟಿ ಮುಚ್ಚು ಎಂದು ಮೇಷ್ಟ್ರು ಮಕ್ಕಳಿಗೆ ಹೇಳುತ್ತಿದ್ದ ಸೂಚನೆಗಳೇ ಚಿಹ್ನೆಗಳ ಹೆಸರಾದಂತೆ ಕಾಣುತ್ತದೆ. ಓದುವವನ ಬಾಯಿಯನ್ನು ನೋಡುತ್ತಾ ಕುಳಿತವರು ಇಟ್ಟ ಹೆಸರುಗಳಿವು.

ಲೆವಿಟಾ ಮುಂದಿಟ್ಟ ಇನ್ನೊಂದು ಸಾಕ್ಷ್ಯ ತಾಲ್ಮುದ್‌ನ ಒಂದು ಕಥೆ. ಅಮಾಲೇಕ್ಯರ ನೆನಪನ್ನೇ ಅಳಿಸಿಹಾಕಬೇಕೆಂಬುದು ಧರ್ಮಗ್ರಂಥದ ಆಜ್ಞೆ. ದಾವೀದನ ಸೇನಾಪತಿ ಯೋವಾಬನು ಯುದ್ಧದಲ್ಲಿ ಗಂಡಸರನ್ನು ಮಾತ್ರ ಕೊಂದು ಬಂದನು. ಕಾರಣ ಕೇಳಿದಾಗ, ಗ್ರಂಥದಲ್ಲಿರುವುದೇ ಗಂಡಸರೆಂದು ಅವನು ಉತ್ತರಿಸಿದನು. ‘ಜೆಖೆರ್’ ಎಂದರೆ ನೆನಪು, ‘ಜಾಖಾರ್’ ಎಂದರೆ ಗಂಡು, ಅಕ್ಷರಗಳು ಒಂದೇ. ಬಾಲ್ಯದಲ್ಲಿ ಗುರು ಹಾಗೆ ಓದಿಸಿದ್ದನು. ಯೋವಾಬನು ಕತ್ತಿ ಹಿರಿದು ಗುರುವನ್ನು ಹುಡುಕಿಕೊಂಡು ಹೋದನೆಂದು ಕಥೆ ಮುಂದುವರಿಯುತ್ತದೆ. ಆ ಕಾಲದಲ್ಲಿ ಚುಕ್ಕೆಯಿಟ್ಟ ಪುಸ್ತಕಗಳಿದ್ದಿದ್ದರೆ ಇಂಥ ಗೊಂದಲ ಹೇಗೆ ಹುಟ್ಟುತ್ತಿತ್ತು ಎಂಬುದು ಲೆವಿಟಾನ ಪ್ರಶ್ನೆ.

ಅವನ ನಿಲುವಿನ ಇನ್ನರ್ಧವನ್ನು ವಿರೋಧಿಗಳು ಅನೇಕ ಸಲ ಮರೆತರು. ಚುಕ್ಕೆ ಹೊಸದಾದರೂ ಓದು ಹಳೆಯದೇ ಎಂದು ಅವನು ಹೇಳಿದ್ದನು. ತಿಬೇರಿಯದ ಪಂಡಿತರು ಸ್ವರಗಳನ್ನು ತಾವಾಗಿ ಕಲ್ಪಿಸಲಿಲ್ಲ. ಬಾಯಿಂದ ಬಾಯಿಗೆ, ಗುರುವಿನಿಂದ ಶಿಷ್ಯನಿಗೆ ನಡೆದು ಬಂದ ಓದನ್ನು ಗುರುತುಗಳಲ್ಲಿ ಹಿಡಿದಿಟ್ಟರು. ಅಲ್ಲಿಯವರೆಗೆ ಸ್ವರವನ್ನು ಕಾಪಾಡಿದ್ದು ಮನುಷ್ಯರ ಕಿವಿ ಮತ್ತು ನಾಲಗೆ. ಜನಾಂಗ ಚದುರಿ, ಮನೆಮಾತು ಅರಾಮಿಕ್, ಗ್ರೀಕ್, ಅರಬ್ಬಿಯಾಗಿ, ಕಿವಿಯ ನೆನಪು ತಪ್ಪುವ ಭಯ ಹುಟ್ಟಿದಾಗ ಚುಕ್ಕೆ ಬೇಕಾಯಿತು.

ಇಂದಿನ ಸಂಶೋಧನೆ ಮುಖ್ಯ ವಿಷಯದಲ್ಲಿ ಲೆವಿಟಾನ ಪರವಾಗಿದೆ. ಬಾಬಿಲೋನಿನಲ್ಲಿ ಒಂದು, ಪಾಲೆಸ್ತೀನಿನಲ್ಲಿ ಒಂದು, ತಿಬೇರಿಯದಲ್ಲಿ ಒಂದು ಎಂದು ಮೂರು ಚಿಹ್ನಾಪದ್ಧತಿಗಳು ಮಧ್ಯಯುಗದ ಮೊದಲ ಶತಮಾನಗಳಲ್ಲಿ ಬೆಳೆದವು. ಅವುಗಳಲ್ಲಿ ತಿಬೇರಿಯದ್ದೇ ಉಳಿದು ಎಲ್ಲೆಡೆ ಹರಡಿತು. ಅಲ್ಲಿನ ಆರೋನ್ ಬೆನ್ ಆಶೆರ್ 10ನೆಯ ಶತಮಾನದಲ್ಲಿ ಚುಕ್ಕೆಯಿಟ್ಟ ಹಸ್ತಪ್ರತಿಯೇ ಅಲೆಪ್ಪೊ ಕೋಡೆಕ್ಸ್. ಸಿನಗಾಗ್‌ಗಳಲ್ಲಿ ಓದುವ ತೋರಾ ಸುರುಳಿಯಲ್ಲಿ ಮಾತ್ರ ಇಂದಿಗೂ ಒಂದು ಚುಕ್ಕೆಯೂ ಇರುವುದಿಲ್ಲ. ಓದುವವನು ಚುಕ್ಕೆಯಿರುವ ಪುಸ್ತಕದಲ್ಲಿ ಮೊದಲೇ ಅಭ್ಯಾಸ ಮಾಡಿ, ಸ್ವರಗಳನ್ನು ನೆನಪಿನಲ್ಲಿ ಹೊತ್ತು ಬಂದು ಓದಬೇಕು.

ಎದ್ದ ಬಿರುಗಾಳಿ

ಲೆವಿಟಾನ ವಾದ ಅವನಿಗಿಂತ ಬಹುಕಾಲ ಬಾಳಿತು. ಧರ್ಮಕ್ಕೆ ಗ್ರಂಥವೊಂದೇ ಆಧಾರ, ಚರ್ಚಿನ ಸಂಪ್ರದಾಯದ ಹಂಗು ಬೇಡ ಎನ್ನುವುದು ಪ್ರೊಟೆಸ್ಟೆಂಟರ ನಿಲುವು. ಗ್ರಂಥದ ಸ್ವರಗಳೇ ಶತಮಾನಗಳ ಬಳಿಕ ಮನುಷ್ಯರು ಇಟ್ಟವು ಎಂದಾದರೆ, ಗ್ರಂಥವನ್ನು ಓದಲು ಕೂಡ ಸಂಪ್ರದಾಯದ ಹಂಗು ಬೇಕಾಯಿತಲ್ಲ ಎಂದು ಕ್ಯಾಥೊಲಿಕ್ ವಾದಿಗಳು ಕೆಣಕಿದರು. ಬಾಸೆಲಿನ ಹೀಬ್ರೂ ಪಂಡಿತ ಯೋಹಾನ್ ಬುಕ್ಸ್‌ಟೋರ್ಫ್ 1620ರಲ್ಲಿ ಲೆವಿಟಾನನ್ನು ಖಂಡಿಸಿ ಬರೆದನು. 1624ರಲ್ಲಿ ಫ್ರಾನ್ಸಿನ ಪ್ರೊಟೆಸ್ಟೆಂಟ್ ವಿದ್ವಾಂಸ ಲೂಯಿ ಕಾಪೆಲ್ ಲೆವಿಟಾನ ಪಕ್ಷವನ್ನು ಇನ್ನಷ್ಟು ಸಾಕ್ಷ್ಯಗಳಿಂದ ಬಲಪಡಿಸಿದನು. 1675ರಲ್ಲಿ ಸ್ವಿಟ್ಜರ್ಲೆಂಡಿನ ಸುಧಾರಿತ ಚರ್ಚುಗಳು ತಮ್ಮ ನಂಬಿಕೆಯ ಘೋಷಣೆಯಲ್ಲಿ ಸ್ವರಚಿಹ್ನೆಗಳನ್ನೂ ದೈವಪ್ರೇರಣೆಯ ವ್ಯಾಪ್ತಿಗೆ ಸೇರಿಸಿದವು. ಅಕ್ಷರದ ಕೆಳಗಿನ ಒಂದು ಚುಕ್ಕೆ ಧರ್ಮಶ್ರದ್ಧೆಯ ಕಲಮಾಯಿತು.

ಯಹೂದಿಗಳಲ್ಲೂ ವಿರೋಧವಿತ್ತು. ಇಟಲಿಯ ಆಜರಿಯಾ ದೇಯಿ ರೊಸ್ಸಿ ಚುಕ್ಕೆಗಳ ಪ್ರಾಚೀನತೆಯನ್ನು ಸಮರ್ಥಿಸಿದನು. ಕಬ್ಬಾಲಾದ ಮುಖ್ಯ ಗ್ರಂಥವಾದ ‘ಜೋಹಾರ್’ ಸ್ವರಚಿಹ್ನೆಗಳ ಹೆಸರು ಹೇಳುತ್ತದೆ, ಆ ಗ್ರಂಥ ತಾಲ್ಮುದ್ ಕಾಲದ ಋಷಿಯದು, ಆದ್ದರಿಂದ ಚುಕ್ಕೆಗಳೂ ಅಷ್ಟೇ ಹಳೆಯವು ಎಂಬುದು ಆ ಪಕ್ಷದ ವಾದ. ಮುಂದಿನ ವಿಮರ್ಶಕರು ಇದನ್ನೇ ತಿರುಗಿಸಿದರು: ಚುಕ್ಕೆಗಳ ಹೆಸರು ಹೇಳುವುದರಿಂದಲೇ ಜೋಹಾರ್ ಅಷ್ಟು ಹಳೆಯದಲ್ಲ ಎಂದರು. ವೆನಿಸಿನ ಕರಡು ತಿದ್ದುವವನೊಬ್ಬ ಹಾಕಿಕೊಟ್ಟ ಅಳತೆಗೋಲು ಬೇರೆ ಗ್ರಂಥಗಳ ಕಾಲವನ್ನು ಅಳೆಯಲೂ ನೆರವಾಯಿತು.

ಮುಪ್ಪಿನ ಪಯಣ

ಲೆವಿಟಾನ ಕ್ರೈಸ್ತ ಶಿಷ್ಯರಲ್ಲಿ ಜಾರ್ಜ್ ದ ಸೆಲ್ವ್ ಒಬ್ಬನು. ವೆನಿಸಿನಲ್ಲಿ ಫ್ರಾನ್ಸಿನ ರಾಯಭಾರಿಯಾಗಿದ್ದ ಈ ಬಿಷಪ್, ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಹಾಲ್ಬೈನನ ‘ರಾಯಭಾರಿಗಳು’ ಚಿತ್ರದಲ್ಲಿ ಬಲಗಡೆ ನಿಂತಿರುವವನು. ಮಸೋರಾದ ಪದಗಳನ್ನೆಲ್ಲ ಕ್ರಮವಾಗಿ ಜೋಡಿಸಿದ ಲೆವಿಟಾನ ಬೃಹತ್ ಪದಸೂಚಿಗೆ ಅವನು ಪೋಷಕನಾದನು. ಇಪ್ಪತ್ತು ವರ್ಷಕ್ಕೂ ಮಿಕ್ಕಿದ ದುಡಿಮೆಯ ಆ ಹಸ್ತಪ್ರತಿ ಪ್ಯಾರಿಸಿಗೆ ಹೋಯಿತು. ಲೆವಿಟಾ ಬದುಕಿರುವಾಗ ಅಚ್ಚಾಗಲೇ ಇಲ್ಲ. ಫ್ರಾನ್ಸಿನ ಅರಸ ಮೊದಲನೆಯ ಫ್ರಾನ್ಸಿಸನಿಂದ ಪ್ಯಾರಿಸಿನಲ್ಲಿ ಪ್ರಾಧ್ಯಾಪಕನಾಗಿ ಬರಲು ಆಹ್ವಾನವೂ ಬಂದಿತ್ತು. 1394ರಿಂದ ಫ್ರಾನ್ಸ್ ರಾಜ್ಯದಲ್ಲಿ ಯಹೂದಿಗಳಿಗೆ ನೆಲೆಯಿರಲಿಲ್ಲ. ತನ್ನವರಿಗೆ ಬಾಗಿಲು ಮುಚ್ಚಿದ ನಾಡಿನಲ್ಲಿ ತಾನೊಬ್ಬನೇ ಗೌರವ ಪಡೆಯುವುದು ಲೆವಿಟಾನಿಗೆ ಒಪ್ಪಿಗೆಯಾಗಲಿಲ್ಲ.

1540ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವನು ಮತ್ತೆ ಆಲ್ಪ್ಸ್ ದಾಟಿದನು. ದಕ್ಷಿಣ ಜರ್ಮನಿಯ ಇಸ್ನಿ ಎಂಬ ಊರಿನಲ್ಲಿ ಪೌಲ್ ಫಾಗಿಯುಸ್ ಎಂಬ ಪ್ರೊಟೆಸ್ಟೆಂಟ್ ಪಾದ್ರಿ ಹೀಬ್ರೂ ಅಚ್ಚುಮನೆ ತೆರೆದು ಅವನನ್ನು ಕರೆಸಿಕೊಂಡಿದ್ದನು. ಅಲ್ಲಿ 1541ರಲ್ಲಿ ‘ತಿಶ್ಬಿ’ ಎಂಬ ಪದಕೋಶವೂ, ಅರಾಮಿಕ್ ನಿಘಂಟು ‘ಮೆತುರ್ಗೆಮಾನ್’ ಕೂಡ ಅಚ್ಚಾದವು. ತಿಶ್ಬಿಯಲ್ಲಿರುವ ಪದಗಳು 712. ಹೀಬ್ರೂ ಅಕ್ಷರಗಳಿಗೆ ಸಂಖ್ಯಾಮೌಲ್ಯವಿದ್ದು, ‘ತಿಶ್ಬಿ’ ಎಂಬ ಹೆಸರಿನ ಮೊತ್ತವೂ 400, 300, 2, 10 ಸೇರಿ 712 ಆಗುತ್ತದೆ. 1542ರಲ್ಲಿ ಯಿದ್ದಿಶ್, ಹೀಬ್ರೂ, ಲ್ಯಾಟಿನ್, ಜರ್ಮನ್ ಎಂಬ ನಾಲ್ಕು ಭಾಷೆಗಳ ಚಿಕ್ಕ ಪದಕೋಶ ಬಂದಿತು. ಬಾಸೆಲಿನ ಸೆಬಾಸ್ಟಿಯನ್ ಮ್ಯೂನ್‌ಸ್ಟರ್ ಲೆವಿಟಾನ ವ್ಯಾಕರಣಗಳನ್ನು ಲ್ಯಾಟಿನ್ನಿಗೆ ತಂದು ಯೂರೋಪಿನಾದ್ಯಂತ ಹರಡಿದನು. ಜರ್ಮನಿಯ ಹಳೆಯ 100 ಮಾರ್ಕ್ ನೋಟನ್ನು ಕಂಡ ಓದುಗರು ಮ್ಯೂನ್‌ಸ್ಟರನ ಮುಖವನ್ನು ಕಂಡಿದ್ದಾರೆ. ಅವನು ಯಾರಿಂದ ಹೀಬ್ರೂ ವ್ಯಾಕರಣ ಕಲಿತನೆಂಬುದು ನೋಟಿನ ಮೇಲೆ ಇರಲಿಲ್ಲ.

ಲೆವಿಟಾ ಕೊನೆಗೆ ವೆನಿಸಿನ ತನ್ನ ಸಂಸಾರಕ್ಕೆ ಮರಳಿ, 1549ರ ಜನವರಿಯಲ್ಲಿ, ಎಂಬತ್ತರ ಹೊಸ್ತಿಲಲ್ಲಿ ತೀರಿಕೊಂಡನು. ಫಾಗಿಯುಸ್ ಅದೇ ವರ್ಷ ಕೇಂಬ್ರಿಡ್ಜ್‌ನಲ್ಲಿ ಹೀಬ್ರೂ ಅಧ್ಯಾಪಕನಾಗಿ ಬಂದು ಅಲ್ಲೇ ಮಡಿದನು. 1557ರಲ್ಲಿ ಮೇರಿ ರಾಣಿಯ ಆಳ್ವಿಕೆಯಲ್ಲಿ ಅವನ ಶವವನ್ನು ಗೋರಿಯಿಂದ ಅಗೆದು ಸುಡಲಾಯಿತು. ಇಂಥ ಕಾಲದಲ್ಲಿ ಒಬ್ಬ ಯಹೂದಿಯೂ ಒಬ್ಬ ಪಾದ್ರಿಯೂ ಒಂದೇ ಮೇಜಿನಲ್ಲಿ ಕುಳಿತು ಕರಡು ತಿದ್ದಿದ್ದರೆಂಬುದನ್ನು ನೆನೆದರೆ ಅವರ ಧೈರ್ಯದ ಅಳತೆ ತಿಳಿಯುತ್ತದೆ.

ಲೆವಿಟಾನಿಂದ ನಾವು ಪಡೆಯುವುದೇನು

ಇಂದಿನ ಇಸ್ರೇಲಿನಲ್ಲಿ ಪತ್ರಿಕೆ, ಕಾದಂಬರಿ, ಅಂಗಡಿಯ ಫಲಕಗಳೆಲ್ಲ ಸಾಮಾನ್ಯವಾಗಿ ಚುಕ್ಕೆಯಿಲ್ಲದ ಬರಹಗಳೇ. ಮಕ್ಕಳ ಪುಸ್ತಕ, ಕಾವ್ಯ, ಪ್ರಾರ್ಥನಾಗ್ರಂಥ ಮತ್ತು ಹೊಸದಾಗಿ ವಲಸೆ ಬಂದವರ ಪಾಠಗಳಲ್ಲಿ ಚುಕ್ಕೆಗಳಿರುತ್ತವೆ. ಮಗು ಕೆಲವು ವರ್ಷ ಚುಕ್ಕೆಗಳೊಡನೆ ಓದಿ ಆಮೇಲೆ ಅವನ್ನು ಬಿಟ್ಟು ಓದಲು ಕಲಿಯುತ್ತದೆ. ಏಕೆಂದರೆ ಮನೆ, ಬೀದಿ, ಶಾಲೆಗಳಲ್ಲಿ ಆ ಪದಗಳ ಸ್ವರ ಅದರ ಕಿವಿಗೆ ಬೀಳುತ್ತಲೇ ಇರುತ್ತದೆ. ವಲಸೆ ಬಂದ ಹಿರಿಯನಿಗೆ ಆ ನೆರವು ಕಡಿಮೆಯಾದ್ದರಿಂದ ಅವನು ಚುಕ್ಕೆಗಳನ್ನು ಹೆಚ್ಚು ಕಾಲ ಹಿಡಿದುಕೊಳ್ಳುತ್ತಾನೆ.

ಹೊರನಾಡಿನಲ್ಲಿ ಕನ್ನಡವನ್ನು ಮುಂದಿನ ತಲೆಮಾರಿಗೆ ದಾಟಿಸಲು ಹೆಣಗುವ ನಮಗೆ ಈ ಮಾತು ಪರಕೀಯವಲ್ಲ. ನಮ್ಮ ಮಕ್ಕಳು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಓದುವಾಗ ಕಾಲು, ಕಾಳು ಎರಡೂ ಒಂದೇ ಕಾಗುಣಿತಕ್ಕೆ ಇಳಿಯುತ್ತವೆ. ಅವಸರದಲ್ಲಿ ಕಲ್ಲು, ಕಳ್ಳು ಕೂಡ ಒಂದಾಗುತ್ತವೆ. ಮನೆಯಲ್ಲಿ ಕನ್ನಡ ಕೇಳಿ ಬೆಳೆದವರು ಅದನ್ನು ಸರಿಯಾಗಿಯೇ ಓದಿಕೊಳ್ಳುತ್ತಾರೆ, ಯೋವಾಬನ ಕಾಲದ ಬಲ್ಲವರು ಚುಕ್ಕೆಯಿಲ್ಲದ ಗ್ರಂಥವನ್ನು ಓದಿದಂತೆ. ಕೇಳಿರದ ಮಗುವಿಗೆ ಆ ಬರಹ ಸ್ವರ ಕಳೆದುಕೊಂಡ ಬರಹವೇ. ಹ್ರಸ್ವ ದೀರ್ಘ, ಲಕಾರ ಳಕಾರ, ಒತ್ತಕ್ಷರಗಳನ್ನು ತಪ್ಪದೆ ತೋರಿಸುವ ಲಿಪಿಯನ್ನು ನಮ್ಮ ಹಿರಿಯರು ನಮಗೆ ಕೊಟ್ಟುಹೋಗಿದ್ದಾರೆ. ಅದನ್ನು ಕಲಿಸುವುದು ಕನ್ನಡ ಶಾಲೆಯ ಭಾನುವಾರದ ಒಂದು ಗಂಟೆಯಲ್ಲಿ ಸಾಧ್ಯವಾಗಬಹುದು. ಆ ಗುರುತುಗಳಿಗೆ ದನಿ ತುಂಬಲು ಉಳಿದ ದಿನಗಳಲ್ಲಿ ಮನೆಯಲ್ಲಿ ಯಾರಾದರೂ ಕನ್ನಡದಲ್ಲಿ ಮಾತನಾಡುತ್ತಿರಬೇಕು. ಚುಕ್ಕೆಗಳನ್ನು ಇಟ್ಟವರು ಮನುಷ್ಯರೇ ಎಂದು ಲೆವಿಟಾ ತೋರಿಸಿಕೊಟ್ಟಾಗ ಕೆಲವರಿಗೆ ಅದು ಗ್ರಂಥದ ಮಹಿಮೆಯನ್ನು ಕುಗ್ಗಿಸಿದಂತೆ ಕಂಡಿತು. ನನಗೆ ಅದು, ಚುಕ್ಕೆಗಳಿಲ್ಲದ ಅಷ್ಟೊಂದು ಶತಮಾನಗಳ ಕಾಲ ಓದನ್ನು ಬಾಯಲ್ಲೇ ಹೊತ್ತು ತಂದ ಹೆಸರಿಲ್ಲದ ತಾಯ್ತಂದೆಯರಿಗೆ, ಮೇಷ್ಟ್ರುಗಳಿಗೆ ಸಂದ ಗೌರವವಾಗಿ ಕಾಣುತ್ತದೆ.